ತೂವಾಳ ಏಲಕ್ಕಿ ಬನ್ನು

ಸ್ಟಾಕ್‌ಹೋಮ್‌ನ ಆ ಪ್ರಯೋಗಾಲಯದಲ್ಲಿ ಒಳ್ಳೆಯ ಫಲಿತಾಂಶ ಬಂದವರು ಶುಕ್ರವಾರದ ಕಾಫಿಗೆ ಏಲಕ್ಕಿ ಬನ್ನು ತರಬೇಕು. ಮೂರು ವಾರದಿಂದ ತೂವಾ ಒಬ್ಬಳೇ ತರುತ್ತಿದ್ದಳು. ಇಲಿಯ ಹೊಟ್ಟೆಯಿಂದ ತೆಗೆದ ರೋಗನಿರೋಧಕ ಜೀವಕೋಶಗಳಿಗೆ ಅವಳೂ ಅವಳ ಸಹೋದ್ಯೋಗಿ ಸಿಗ್ರಿಡ್ಡೂ ಸೋಕಿಸಿದ್ದು ಒಂದೇ ರೋಗಾಣು. ಆದರೂ ಉರಿಯೂತದ ಸುದ್ದಿ ಸಾರುವ ಕೊಬ್ಬಿನ ಅಣುಗಳು ಸಿಗ್ರಿಡ್‌ಗಿಂತ ತೂವಾಳಿಗೆ ಎರಡರಷ್ಟು ಸಿಗುತ್ತಿದ್ದವು. ಸಿಗ್ರಿಡ್‌ಗೆ ಮೈಯೆಲ್ಲ ಉರಿಯುತ್ತಿತ್ತು.

ಗುರುವಾರ ಅವಳು ತೂವಾಳ ದಾಖಲೆ ಕೆದಕಿದಳು. ರೋಗಾಣು ಸೋಕಿಸದ ಜೀವಕೋಶಗಳಲ್ಲೂ ಅಷ್ಟೇ ಅಣುಗಳು! ತೂವಾ ಇಲಿಯಿಂದ ಒರಟಾಗಿ ಹೀರಿ ತೆಗೆದದ್ದಕ್ಕೇ ಜೀವಕೋಶಗಳು ಕೆರಳಿದ್ದವು, ರೋಗಾಣುವಿನಿಂದಲ್ಲ.

'ನಾಳೆ ಎಲ್ಲರೆದುರು ನಿನ್ನ ಮಾನ ಕಳೀತೀನಿ ಕಣೇ,' ಎಂದುಕೊಂಡಳು ಸಿಗ್ರಿಡ್.

ಮರುದಿನ ಕಾಫಿಯ ಹೊತ್ತಿಗೆ ಸಿಗ್ರಿಡ್ ಬಾಯಿ ತೆರೆಯುವ ಮೊದಲೇ ತೂವಾ ತಾನಾಗಿ ಎದ್ದು ನಿಂತಳು. "ನಂದು ಒರಟು ಕೈ ಕಣ್ರೋ, ಎಲ್ಲಾ ತಪ್ಪಾಯ್ತು. ಸಿಗ್ರಿಡ್ ಲೆಕ್ಕಾನೇ ಸರಿ. ಈ ಬನ್ನು ಅವಳ ಹೆಸರಲ್ಲಿ ತಿನ್ರಿ."

ಎಲ್ಲರೂ ಚಪ್ಪಾಳೆ ತಟ್ಟಿದರು, ತೂವಾಳನ್ನೇ ನೋಡುತ್ತಾ. ಸಿಗ್ರಿಡ್ ತನ್ನ ಬನ್ನನ್ನು ಕಚ್ಚದೆ ತಟ್ಟೆಗೆ ಕುಕ್ಕಿದಳು. ತಪ್ಪು ಒಪ್ಪಿಕೊಂಡೂ ಗೆದ್ದಳಲ್ಲ, ಹಾಳಾದವಳು!