ಎತ್ತುವವನ ಎಡಗೈ

ಗ್ಯಾರೇಜಿನಲ್ಲಿ ಆಲೂಗಡ್ಡೆ ಮೂಟೆ ಜಾರಿದ್ದು ಡಾರ್ಸಿ ಲುಕಾಶ್‌ಗೆ ಗೊತ್ತಾದದ್ದು ಕೈಯಿಂದಲ್ಲ, ಕಿವಿಯಿಂದ.

ಐವತ್ತು ಪೌಂಡಿನ ಮೂಟೆ. ಅದನ್ನು ಎಡಗೈ ಒಂದರಿಂದಲೇ ತಲೆಯ ಮೇಲಕ್ಕೆ ಎತ್ತಿ ಹಿಡಿದು ಟ್ರಕ್ಕಿನ ಸುತ್ತ ಮೂರು ಸುತ್ತು ನಡೆಯಬೇಕು. ಅಕ್ಟೋಬರ್‌ನಿಂದ ಬೆಳಗ್ಗೆ ಎದ್ದವನೇ ಇದೊಂದು ವ್ರತ ಹಿಡಿದಿದ್ದ. ಮೂರೂ ಸುತ್ತು ಮುಗಿದರೆ ಮಾತ್ರ ಆ ದಿನ ಐಸ್ ಸ್ಕೇಟಿಂಗಿನ ಜೊತೆಗಾತಿ ಕೋರಾಳನ್ನು ಎತ್ತಬಹುದು, ಇಲ್ಲದಿದ್ದರೆ ಇಲ್ಲ ಎಂದು ಅವನೇ ಮಾಡಿಕೊಂಡ ಕಟ್ಟಳೆ. ಇವತ್ತು ಎರಡನೆಯ ಸುತ್ತಿನಲ್ಲಿ ಭುಜ ಹಗುರಾದದ್ದೂ ಹಿಂದೆ ಧೊಪ್ಪೆಂದದ್ದೂ ಒಟ್ಟಿಗೇ ಆಯಿತು. ಜಾರುತ್ತಿದೆ ಎಂದು ಬೆರಳುಗಳು ಒಂದು ಮಾತೂ ಹೇಳಲಿಲ್ಲ. ತಿರುಗಿ ನೋಡಿದರೆ ಮೂಟೆ ಒಡೆದು ಗಡ್ಡೆಗಳು ಸಿಮೆಂಟಿನ ಮೇಲೆ ಉರುಳುತ್ತಿದ್ದವು. ಅವನ ಕೈ ಇನ್ನೂ ಮೇಲೆಯೇ ಇತ್ತು.

ಡಾರ್ಸಿ ಬಹಳ ಹೊತ್ತು ಆ ಕೈಯನ್ನೇ ನೋಡಿದ. ಕಿರುಬೆರಳನ್ನು ಕಚ್ಚಿದ. ಕಚ್ಚಿದ್ದು ಬೇರೆ ಯಾರದೋ ಬೆರಳು ಅನ್ನಿಸಿತು. ಆಮೇಲೆ ಗಡ್ಡೆಗಳನ್ನೆಲ್ಲ ಗುಡಿಸಿ ಮೂಲೆಗೆ ತಳ್ಳಿ, ಸ್ಕೇಟಿನ ಚೀಲ ಹೆಗಲಿಗೇರಿಸಿ, ಟ್ರಕ್ಕು ಹತ್ತಿದ. ತಾನೇ ಮಾಡಿದ ಕಟ್ಟಳೆಯನ್ನು ತಾನೇ ಮುರಿಯಲು ಮನುಷ್ಯನಿಗೆ ಎಷ್ಟು ಹೊತ್ತು ಬೇಕು? ಅವನಿಗೆ ಟ್ರಕ್ಕಿನ ಇಂಜಿನ್ ಬಿಸಿಯಾಗುವಷ್ಟು ಹೊತ್ತು ಸಾಕಾಯಿತು.

ವಯಸ್ಸು ಮೂವತ್ತಾರು. ಜೋಡಿ ಸ್ಕೇಟಿಂಗಿನಲ್ಲಿ ಅದು ಅಜ್ಜನ ವಯಸ್ಸು. ಮೊದಲ ಜೊತೆಗಾತಿ ಮದುವೆಯಾಗಿ ಹೋದಳು, ಎರಡನೆಯವಳು ಮಂಡಿ ಮುರಿದುಕೊಂಡಳು. ಮೂರನೆಯವಳೇ ಕೋರಾ ಫ್ರೀಸನ್, ಇಪ್ಪತ್ತೆರಡರ ಹುಡುಗಿ. ನಾಲ್ಕು ವರ್ಷ ಒಟ್ಟಿಗೆ ಜಾರಿ, ಬಿದ್ದು, ಎದ್ದು, ಈ ಸಲ ಮೊದಲ ಬಾರಿಗೆ ರಾಷ್ಟ್ರೀಯ ಸ್ಪರ್ಧೆಗೆ ಆಯ್ಕೆಯಾಗಿದ್ದರು. ಅದಕ್ಕಿನ್ನು ಇಪ್ಪತ್ತು ದಿನ. ಅವನು ಇವತ್ತು ಬಾಯಿ ಬಿಟ್ಟರೆ ಅವಳ ಸ್ಪರ್ಧೆ ಇವತ್ತೇ ಮುಗಿಯಿತು. ಬಿಡದಿದ್ದರೆ? ಅದರಾಚೆಗೆ ಯೋಚನೆ ಹೋದಾಗಲೆಲ್ಲ ಅವನು ರೇಡಿಯೋದ ಸದ್ದು ಜೋರು ಮಾಡುತ್ತಿದ್ದ. ಡಾಕ್ಟರ ಹತ್ತಿರವೂ ಹೋಗಿರಲಿಲ್ಲ. ಹೋದರೆ ಅವರು ಏನಾದರೂ ಹೇಳಿಬಿಡುತ್ತಾರಲ್ಲ!

ಐಸ್ ರಿಂಕಿನಲ್ಲಿ, ನೋಡುವವರು ಕೂರುವ ಮೆಟ್ಟಿಲ ಮೇಲೆ ಕೋರಾಳ ಅಪ್ಪ ಜೇಕ್ ಫ್ರೀಸನ್ ಕೂತಿದ್ದ. ಹಂದಿ ಸಾಕುವ ರೈತ. ದಿನಾ ಬೆಳಗ್ಗೆ ನಲವತ್ತು ಮೈಲಿ ಹಿಮದಲ್ಲಿ ಗಾಡಿ ಓಡಿಸಿ ಮಗಳನ್ನು ಕರೆತಂದು, ಇಲ್ಲಿ ಕೂತು ಸೂರ್ಯಕಾಂತಿ ಬೀಜ ಅಗಿದು ಸಿಪ್ಪೆಯನ್ನು ಕಾಫಿ ಲೋಟಕ್ಕೆ ಉಗಿಯುತ್ತಿದ್ದ.

"ಏನಯ್ಯಾ, ಇನ್ನೂ ಬದುಕಿದೀಯಾ?" ಎಂದ ಜೇಕ್. "ಹೋದ ವರ್ಷಾನೇ ಕೊನೇದು ಅಂದಿದ್ದೆ."

"ಅದು ಬೇರೆ ಕೊನೇದು. ಇದು ನಿಜವಾದ ಕೊನೇದು."

"ನಮ್ಮ ಪಾದ್ರಿನೂ ಹಿಂಗೇ ಕಣಯ್ಯಾ. 'ಕೊನೇದಾಗಿ ಒಂದು ಮಾತು' ಅಂತ ಮೂರು ಸಲ ಹೇಳ್ತಾನೆ. ಅಷ್ಟ್ರಲ್ಲಿ ಮನೇಲಿ ನನ್ನ ಹಂದಿಗಳು ಬೊಬ್ಬೆ ಹೊಡೀತಿರ್ತವೆ." ನಕ್ಕು, ಸಿಪ್ಪೆ ಉಗಿದು, ದನಿ ತಗ್ಗಿಸಿದ. "ಅವಳು ಮೇಲಿದ್ದಾಗ ಮೊದಲೆಲ್ಲ ನಾನು ಕಣ್ಣು ಮುಚ್ಕೊಂಡುಬಿಡ್ತಿದ್ದೆ, ಗೊತ್ತಾ? ಈಗ ಮುಚ್ಚಲ್ಲ. ನಿನ್ನ ಕೈಲಿದಾಳಲ್ಲ ಅಂತ."

"ಬೀಜ ಸ್ವಲ್ಪ ಕೊಡಿ," ಎಂದಷ್ಟೇ ಹೇಳಿ ಡಾರ್ಸಿ ಬಲಗೈ ಚಾಚಿದ.

ಐಸಿನ ಮೇಲೆ ಕೋಚ್ ಐರೀನ್ ಪ್ರೊಕೋಪ್ ಆಗಲೇ ನಿಂತಿದ್ದಳು. ಅರವತ್ತೆಂಟರ ಹೆಂಗಸು, ಮೊಣಕಾಲವರೆಗೆ ಇಳಿಯುವ ಹಳೆಯ ತುಪ್ಪಳದ ಕೋಟು. ಹೊಗಳಿಕೆ ಅವಳ ಬಾಯಿಂದ ಬಂದದ್ದನ್ನು ಕಂಡವರಿಲ್ಲ.

"ಬಾರೋ ಮುದುಕಾ. ನಿನ್ನೆ ತಲೆ ಮೇಲೆ ಎತ್ತೋ ಲಿಫ್ಟಲ್ಲಿ ಅರ್ಧ ಸುತ್ತು ಮೊದಲೇ ಅವಳನ್ನ ಇಳಿಸ್ದೆ. ಮೊನ್ನೆನೂ ಅಷ್ಟೆ. ಅಂಕ ಏನು ನಿಮ್ಮಪ್ಪ ತಂದ್ಕೊಡ್ತಾನಾ?"

"ಸಂಗೀತಕ್ಕೆ ಹೊಂದಲಿ ಅಂತ ಇಳಿಸ್ದೆ, ಐರೀನ್."

"ಸಂಗೀತಕ್ಕೆ ನಾನು ಹೇಳ್ತೀನಿ. ನೀನು ಎತ್ತು."

ಕೋರಾ ಪಕ್ಕಕ್ಕೆ ಬಂದು ಅವನ ಕೈ ಹಿಡಿದಳು. ಮುಖ ಬಿಳುಚಿತ್ತು. ಬಾಯಿಯಿಂದ ಪುದೀನ ಮಿಠಾಯಿಯ ವಾಸನೆ ಬರುತ್ತಿತ್ತು. ಈಚೆಗೆ ದಿನಾ ಬೆಳಗ್ಗೆ ಬರುತ್ತಿತ್ತು.

ಸಂಗೀತ ಶುರುವಾಯಿತು, ಇಬ್ಬರೂ ವೇಗ ಹಿಡಿದರು. ಈ ಕಸುಬಿನಲ್ಲಿ ಎತ್ತುವವನ ಕಣ್ಣು ಮುಂದಿನ ದಾರಿಯ ಮೇಲಿರಬೇಕು, ಕೈಯ ಮೇಲಲ್ಲ. ಕೈಗೆ ಅದರದೇ ಬುದ್ಧಿ ಇರುತ್ತದೆ. ಹುಡುಗಿಯ ಸೊಂಟ ಕೂದಲೆಳೆಯಷ್ಟು ವಾಲಿದರೂ ಅಂಗೈ ಅದನ್ನು ತಿಳಿದು ತಾನೇ ಸರಿಮಾಡುತ್ತದೆ. ಹೆಚ್ಚುಕಡಿಮೆಯಾಗಿ ಬೀಳುವುದೇ ಆದರೆ ಗಂಡಸು ಕೆಳಗೆ, ಹುಡುಗಿ ಮೇಲೆ. ಅವನ ಬೆನ್ನು ಐಸಿಗೆ ಬಡಿಯಬೇಕೇ ಹೊರತು ಅವಳ ತಲೆಯಲ್ಲ. ಇದನ್ನು ಯಾರೂ ಎಲ್ಲಿಯೂ ಬರೆದಿಟ್ಟಿಲ್ಲ. ಆದರೆ ಹಾಗೆ ಕೆಳಗೆ ಬೀಳದವನ ಜೊತೆ ಯಾವ ಹುಡುಗಿಯೂ ಎರಡನೆಯ ದಿನ ಜಾರುವುದಿಲ್ಲ.

ಅವಳು ಮೇಲೇರಿದಳು. ಒಂದು ಸುತ್ತು. ಬಲಗೈ ಬಿಟ್ಟ. ಈಗ ಅವಳ ಇಡೀ ಮೈ ಅವನ ಎಡ ಅಂಗೈಯ ಮೇಲೆ, ಐಸಿನಿಂದ ಎಂಟು ಅಡಿ ಎತ್ತರದಲ್ಲಿ. ಭುಜಕ್ಕೆ ಭಾರ ತಿಳಿಯುತ್ತಿತ್ತು, ಮೊಣಕೈಗೆ ತಿಳಿಯುತ್ತಿತ್ತು. ಮಣಿಕಟ್ಟಿನಿಂದಾಚೆಗೆ ಏನೂ ಇಲ್ಲ. ಅಲ್ಲಿ ಅವಳಿದ್ದಾಳೋ ಇಲ್ಲವೋ? ವಾಲುತ್ತಿದ್ದಾಳೋ? ಅವನು ತಲೆಯೆತ್ತಿ ತನ್ನ ಕೈಯನ್ನೇ ನೋಡಿದ. ಬೆರಳುಗಳು ಇದ್ದವು. ಸರಿಯಾಗಿ ಬಿಡಿಸಿಕೊಂಡಿದ್ದವು. ಇನ್ನೊಮ್ಮೆ ಖಾತ್ರಿ ಮಾಡಿಕೊಳ್ಳಲು ಇನ್ನೂ ಅರೆಕ್ಷಣ ನೋಡಿದ.

"ಗೋಡೆ! ಡಾರ್ಸಿ, ಗೋಡೆ!"

ಕೂಗಿದ್ದು ಮೇಲಿದ್ದ ಕೋರಾ. ರಿಂಕಿನ ಅಂಚಿನ ಹಲಗೆಗೋಡೆ ಮಾರು ದೂರದಲ್ಲಿತ್ತು. ಅವನು ಹಿಂದಕ್ಕೆ ತಿರುಗಿ, ಬಲಗೈಯಿಂದ ಅವಳನ್ನು ಎದೆಗೆಳೆದುಕೊಂಡು, ಬೆನ್ನು ಕೊಟ್ಟ. ಹಲಗೆ ಗುಡುಗಿತು. ಇಬ್ಬರೂ ಕುಸಿದರು, ಅವನು ಕೆಳಗೆ, ಅವಳು ಮೇಲೆ. ಅವಳ ಸ್ಕೇಟಿನ ಬ್ಲೇಡು ಅವನ ಕಿವಿಯ ಪಕ್ಕದಲ್ಲೇ ಐಸನ್ನು ಸೀಳಿ ನಿಂತಿತು.

ಮೆಟ್ಟಿಲ ಮೇಲಿಂದ ಲೋಟ ಬಿದ್ದ ಸದ್ದು ಬಂತು. ಕೋರಾ ಎದ್ದು ಅಪ್ಪನಿಗೆ ಕೈ ಬೀಸಿದಳು: ಏನಿಲ್ಲ, ಏನಿಲ್ಲ.

ಐರೀನ್ ಹತ್ತಿರ ಬಂದಳು. ಬೈಯಲಿಲ್ಲ. ಅದೇ ಡಾರ್ಸಿಯನ್ನು ಹೆಚ್ಚು ಹೆದರಿಸಿತು. "ನೀನು ಕೈ ನೋಡ್ದೆ," ಎಂದಳು. "ನಲವತ್ತು ವರ್ಷದಿಂದ ಕಲಿಸ್ತಿದೀನಿ. ಎತ್ತೋನು ತನ್ನ ಕೈ ನೋಡಿದ್ದನ್ನ ಎರಡೇ ಸಲ ನೋಡಿರೋದು. ಇದು ಎರಡನೇದು. ಮೊದಲನೇದು ಬೇಡ, ಕೇಳ್ಬೇಡ." ಅಷ್ಟು ಹೇಳಿ ಸಂಗೀತ ನಿಲ್ಲಿಸಲು ಹೋದಳು.

ಇಬ್ಬರೇ ಉಳಿದರು. ಕೋರಾ ಕೈಗವಸಿನಿಂದ ಅವನ ಬೆನ್ನಿನ ಹಿಮ ಒರೆಸುತ್ತ, "ಜನವರಿಲಿ ಸ್ಪರ್ಧೆ ಹೊತ್ತಿಗೆ ಕೈ ಸುಧಾರಿಸತ್ತೆ," ಎಂದಳು. "ನರ ಹಿಡ್ಕೊಂಡಿರತ್ತೆ ಅಷ್ಟೇ. ಬಿಸಿನೀರಿನ ಶಾಖ ಕೊಡೋಣ. ಲಿಫ್ಟಲ್ಲಿ ಒಂಟಿ ಕೈ ಬೇಡ, ಎರಡೂ ಕೈಲಿ ಮಾಡೋಣ. ಅಂಕ ಹೋದ್ರೆ ಹೋಗ್ಲಿ."

ಅವಳಿಗೆ ಗೊತ್ತಿತ್ತು. ಇಷ್ಟು ದಿನವೂ ಗೊತ್ತಿತ್ತು! ಡಾರ್ಸಿ ಬಲಗೈಯಿಂದ ಅವಳ ಕೈ ಹಿಡಿದು ನಿಲ್ಲಿಸಿದ. "ಯಾವಾಗಿಂದ ಗೊತ್ತು ನಿಂಗೆ?"

"ಮೇಲಿಂದ ಎಲ್ಲಾ ಗೊತ್ತಾಗತ್ತೆ ಕಣೋ. ಮೊದಲು ನಿನ್ನ ಕೈ ನನ್ ಜೊತೆ ಮಾತಾಡ್ತಿತ್ತು. ಒಂದು ಮೂರು ವಾರದಿಂದ ಮೇಜಿನ ಮೇಲೆ ಕೂತಂಗಿರತ್ತೆ. ದಿನಾ ಬೆಳಗ್ಗೆ ದಾರೀಲಿ ಗಾಡಿ ನಿಲ್ಲಿಸ್ಕೊಂಡು ವಾಂತಿ ಮಾಡ್ಕೋತೀನಿ. ಅಪ್ಪಂಗೆ ಬನ್ನು ತಿಂದು ಅಜೀರ್ಣ ಅಂತ ಹೇಳ್ತೀನಿ."

"ಮತ್ತೆ ಹೇಳ್ಬಾರ್ದಿತ್ತಾ?"

"ಹೇಳಿದ್ರೆ ಬಿಟ್ಬಿಡ್ತಿದ್ದೆ ನೀನು. ಇಪ್ಪತ್ತೇ ದಿನ, ಡಾರ್ಸಿ. ನಂಗೆ ಹೆದ್ರಿಕೆ ಆಗಲ್ಲ ಅಂತಲ್ಲ. ಆಗತ್ತೆ. ಆದ್ರೂ ಬರ್ತೀನಿ. ತಲೆ ನಂದು, ನಾನು ಬರ್ತೀನಿ ಅಂದ್ರೆ ನಿಂದೇನು?"

ಅವನು ಗೋಡೆ ಹಿಡಿದು ಎದ್ದ. ಹೂಂ ಅನ್ನುವುದು ಎಷ್ಟು ಸುಲಭವಿತ್ತು! ಅವಳೇ ಬಾಗಿಲು ತೆರೆದಿಟ್ಟಿದ್ದಳು. ಒಳಗೆ ಹೋದರೆ ತಪ್ಪು ಅರ್ಧ ಅವಳದು. ಆ ಯೋಚನೆ ಬಂದದ್ದಕ್ಕೇ ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು.

"ಇಲ್ಲ," ಎಂದ. "ಇನ್ನು ನಿನ್ನ ಎತ್ತಲ್ಲ. ಇವತ್ತಿಗೆ ಮುಗೀತು."

"ಹೇಡಿ."

"ಹೌದು."

ಅವಳು ಅತ್ತಳು, ಬೈದಳು, ಅವನ ಎದೆಗೆ ಗುದ್ದಿದಳು. ಗುದ್ದಿ ಸುಸ್ತಾದ ಮೇಲೆ ಏನೋ ಹೊಳೆದವಳಂತೆ ತಲೆಯೆತ್ತಿದಳು.

"ನಂಗೆ ಮೂರು ವಾರದಿಂದ ಗೊತ್ತು. ನಿಂಗೆ?"

ಸುಳ್ಳು ಹೇಳಬಹುದಿತ್ತು. ಇವತ್ತೇ ಅನ್ನಬಹುದಿತ್ತು. "ಅಕ್ಟೋಬರ್," ಎಂದ.

ಕೋರಾಳ ತುಟಿಗಳು ಸದ್ದಿಲ್ಲದೆ ಅಲುಗಿದವು. ಎಣಿಸುತ್ತಿದ್ದಾಳೆಂದು ಅವನಿಗೆ ತಿಳಿಯಿತು. ವಾರಕ್ಕೆ ಐದು ದಿನ, ದಿನಕ್ಕೆ ಆರು ಸಲ, ಹತ್ತು ವಾರ.

"ಮುನ್ನೂರು ಸಲ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಮೊದಲ ಏಳು ವಾರ ನಾನು ಅಲ್ಲಿ ಮೇಲೆ ನಗ್ತಾ ಇದ್ದೆ. ನಂಗೇನೂ ಗೊತ್ತಿರ್ಲಿಲ್ಲ. ನಿಂಗೆ ಗೊತ್ತಿತ್ತು." ಅವನ ಎದೆಯ ಮೇಲಿದ್ದ ತನ್ನ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಒಂದು ಹೆಜ್ಜೆ ಹಿಂದೆ ಜಾರಿದಳು. ಆಮೇಲೆ ಇನ್ನೊಂದು. ನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ ಅವಳು ಅವನನ್ನು ನೋಡಿ ಹೆದರಿದ್ದಳು.

ಯಾವಾಗ ನಿಲ್ಲಿಸುವುದು, ಯಾವಾಗ ನಿಲ್ಲಿಸುವುದು ಎಂದು ಡಾರ್ಸಿ ಮೂರು ವರ್ಷದಿಂದ ತಲೆ ಕೆಡಿಸಿಕೊಂಡಿದ್ದ. ಆ ದಿನ ಮುಂದೆ ಎಲ್ಲೋ ಬರುತ್ತದೆ, ಬಂದಾಗ ತನಗೆ ಗೊತ್ತಾಗುತ್ತದೆ ಎಂದುಕೊಂಡಿದ್ದ. ಅದು ಬಂದು, ಬಾಗಿಲು ತಟ್ಟಿ, ಹತ್ತು ವಾರಗಳ ಹಿಂದೆಯೇ ಹೋಗಿಬಿಟ್ಟಿತ್ತು.

ಕೋರಾ ಬಟ್ಟೆ ಬದಲಿಸುವ ಕೋಣೆಗೆ ಹೋದಳು. ಜೇಕ್ ಮೆಟ್ಟಿಲಿಳಿದು, ಬೂಟುಗಾಲಿನಲ್ಲೇ ಐಸಿನ ಮೇಲೆ ತಡವರಿಸುತ್ತ ಬಂದ. ಗಡ್ಡದಲ್ಲಿ ಬೀಜದ ಸಿಪ್ಪೆ ಅಂಟಿತ್ತು. ಬಂದವನೇ ಡಾರ್ಸಿಯನ್ನು ಎರಡೂ ತೋಳಿನಿಂದ ಬಾಚಿ ತಬ್ಬಿಕೊಂಡ.

"ನೀನು ಕೆಳಗೆ ಬಿದ್ದೆ," ಎಂದ. "ನೋಡ್ದೆ ನಾನು. ಬೆನ್ನು ಕೊಟ್ಟು ನನ್ನ ಮಗಳನ್ನ ಉಳಿಸ್ದೆ. ದೇವರು ನಿನ್ನ ಕೈ ತಣ್ಣಗಿಡ್ಲಿ ಮಾರಾಯಾ."

ಕೋಣೆಯ ಬಾಗಿಲು ಇನ್ನೂ ಮುಚ್ಚಿತ್ತು. ಕೋರಾ ಆ ಮುನ್ನೂರು ಸಲದ ಮಾತನ್ನು ಅಪ್ಪನಿಗೆ ಹೇಳಲಾರಳು, ಅದೂ ಡಾರ್ಸಿಗೆ ಗೊತ್ತಿತ್ತು. ಮೆಲ್ಲಗೆ ಅಪ್ಪುಗೆಯಿಂದ ಬಿಡಿಸಿಕೊಂಡ.

"ಜೇಕ್, ಬನ್ನಿ, ಆ ಮೆಟ್ಟಿಲ ಮೇಲೆ ಕೂತ್ಕೊಳ್ಳಿ," ಎಂದ. "ಅಕ್ಟೋಬರ್‌ನಿಂದ ನಡೆದದ್ದೆಲ್ಲ ಹೇಳ್ಬೇಕು ನಿಮಗೆ. ಪೂರ್ತಿ ಕೇಳಿ. ಆಮೇಲೆ ಹೊಡೀರಿ."