ನೂರಾ ಹದಿನೇಳನೇ ಅರ್ಜಿ

ಮಡಿಕೇರಿಯ ಒಂದು ಕಾಲೇಜಿನ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಹಳೆಯ ಹುಡುಗಿಯರೇ ಹೊಸಬರನ್ನು ಮಾತಾಡಿಸಿ, ಅಂಕ ಹಾಕಿ, ಆರಿಸುವುದು ಪದ್ಧತಿ. ಆರಿಸಿದವರ ಅರ್ಜಿ ನಂಬರುಗಳನ್ನು ಟೈಪು ಮಾಡಿ ಬೋರ್ಡಿಗೆ ಹಚ್ಚುವುದು ಕಚೇರಿಯ ಮಾಲತಿಯ ಕೆಲಸ. ಏಳು ವರ್ಷದಿಂದ ಅವಳೇ ಮಾಡುತ್ತಿದ್ದಳು.

ಆಗಸ್ಟ್ ಕೊನೆಯಲ್ಲಿ ಹಾಸ್ಟೆಲಿನ ಪ್ರತಿನಿಧಿ ಧನುಶ್ರೀ ಕಚೇರಿಗೆ ಬಂದಳು.

"ಮ್ಯಾಡಮ್, ಯಮುನಾ ಅನ್ನೋಳು ಬರ್ಲೇ ಇಲ್ವಲ್ಲ, ಮಂಚ ಖಾಲಿ ಬಿದ್ದಿದೆ. ಕೊಡ್ಲಿಪೇಟೆ ಕಡೆ ಕಾಫಿ ತೋಟದ ಕೂಲಿಯವರ ಲೈನ್ ಮನೆಯಿಂದ ಇಂಟರ್‌ವ್ಯೂಗೆ ಬಂದಿದ್ಲು. ನಾವೆಲ್ಲ ಅವ್ಳಿಗೇ ಜಾಸ್ತಿ ಅಂಕ ಹಾಕಿದ್ವಿ. ಸೀಟು ಸಿಕ್ಕಿದ ಹಾಗೇ, ಬಟ್ಟೆ ಜೋಡಿಸ್ಕೊ ಅಂತ ನಾನೇ ಹೇಳಿ ಕಳ್ಸಿದ್ದೆ."

ಮಾಲತಿ ಕಡತ ತೆಗೆದಳು. ಯಮುನಾಳ ಅರ್ಜಿ ನೂರಾ ಹದಿನೇಳು. ಪಟ್ಟಿಯಲ್ಲಿದ್ದದ್ದು ನೂರಾ ಎಪ್ಪತ್ತೊಂದು. ಆ ನಂಬರಿನ ಹುಡುಗಿ ಮೈಸೂರಿನಲ್ಲಿ ಸೇರಿಕೊಂಡು, ಇಲ್ಲಿ ಸಂದರ್ಶನಕ್ಕೂ ಬಂದಿರಲಿಲ್ಲ. ಟೈಪು ಮಾಡುವಾಗ ಎರಡು ಅಂಕಿ ಹಿಂದುಮುಂದಾಗಿದ್ದವು, ಅಷ್ಟೇ. ಮಾಲತಿ ಅಂಕದ ಹಾಳೆಯನ್ನೂ ಪಟ್ಟಿಯನ್ನೂ ಹಿಡಿದು ವಾರ್ಡನ್ ಬಳಿಗೆ ಹೋದಳು.

ವಾರ್ಡನ್ ಉಷಾರಾಣಿ ಎರಡೂ ಹಾಳೆಗಳನ್ನು ನೋಡಿ ಮಡಚಿಟ್ಟರು.

"ಪಟ್ಟಿಗೆ ಪ್ರಿನ್ಸಿಪಾಲರ ಸಹಿ ಆಗಿದೆ. ಈಗ ತಪ್ಪಾಯ್ತು ಅಂದ್ರೆ ಸೀಟು ಸಿಗದವರೆಲ್ಲ ಬಂದು ಕೂರ್ತಾರೆ. ಯಮುನಾ ತರಗತಿಗೂ ಬರ್ಲಿಲ್ಲ, ಕಾಲೇಜಲ್ಲೂ ಹೆಸರು ತೆಗೆದಾಯ್ತು. ಸುಮ್ನಿರಿ ಮಾಲತಿ."

ಆ ತೋಟದಿಂದ ದಿನಾ ಹೋಗಿಬಂದು ಓದುವುದು ಆಗದ ಮಾತು ಎಂದು ಇಬ್ಬರಿಗೂ ಗೊತ್ತಿತ್ತು.

ಶನಿವಾರ ಮಾಲತಿ ರಜೆ ಹಾಕಿ ಕೊಡ್ಲಿಪೇಟೆಯ ಬಸ್ಸು ಹತ್ತಿದಳು. ಅಲ್ಲಿಂದ ಜೀಪು. ಲೈನ್ ಮನೆಯ ಮುಂದೆ ಯಮುನಾಳ ತಾಯಿ ಮಾರಿ ಸೌದೆ ಒಡೆಯುತ್ತಿದ್ದಳು. ಮಾಲತಿ ನಿಂತಲ್ಲೇ ಎಲ್ಲವನ್ನೂ ಹೇಳಿದಳು. ಸೀಟು ಸಿಕ್ಕಿತ್ತು, ತಪ್ಪು ನನ್ನದು ಎಂದಳು.

ಮಾರಿ ಕೊಡಲಿ ಕೆಳಗಿಟ್ಟಳು. "ಸೀಟು ಸಿಕ್ತು ಅಂತ ಮಗಳು ಲೈನಿಗೆಲ್ಲ ಹೇಳ್ಕಂಡು ಬಂದ್ಲು. ಆಮೇಲೆ ಬೋರ್ಡಲ್ಲಿ ನಂಬರಿಲ್ಲ ಅಂದ್ಲು. ಹಾಜರಿ ಬರಿಯೋ ರೈಟರು ಪೂವಯ್ಯ ಎಲ್ಲರ ಮುಂದೆ ನಗಾಡಿದ್ರು. ಅವ್ರಪ್ಪ ಸುಳ್ಳು ಹೇಳಿದ್ಯಾ ಅಂತ ಹೊಡ್ದ. ನಾನೂ ಬಿಡಿಸ್ಲಿಲ್ಲ."

ಯಮುನಾ ಕಳೆ ತೆಗೆಯುವ ಕೆಲಸದಿಂದ ಊಟಕ್ಕೆ ಬಂದಳು. ಕೈತುಂಬ ಮಣ್ಣು. ಮಾಲತಿಯ ಮಾತನ್ನು ಕೊನೆಯತನಕ ಕೇಳಿದಳು.

"ಈಗ ಬರ್ಬೋದಾ?"

"ಇಲ್ಲಮ್ಮ. ಕಾಲೇಜಲ್ಲೂ ಹೆಸರು ತೆಗೆದಿದ್ದಾರೆ. ಮುಂದಿನ ವರ್ಷ..."

"ಅದು ಬ್ಯಾಡ ಮ್ಯಾಡಮ್. ನಾನು ಸುಳ್ಳು ಹೇಳಿಲ್ಲ ಅಂತ ಬರ್ದುಕೊಡಿ."

ಮಾಲತಿ ಅಲ್ಲೇ ಕೂತು ಬರೆದು, ಸಹಿ ಮಾಡಿ, ಕಾಲೇಜಿನ ಫೋನ್ ನಂಬರನ್ನೂ ಹಾಕಿ ಕೊಟ್ಟಳು. ಯಮುನಾ ಕೈ ತೊಳೆದುಕೊಂಡು ಬಂದು ಕಾಗದ ತೆಗೆದುಕೊಂಡಳು. ಅಪ್ಪ ಕರಿಯ ಬಂದು ಊಟಕ್ಕೆ ಕೂತಾಗ ಅವನೆದುರು ನಿಂತು ಗಟ್ಟಿಯಾಗಿ ಓದಿದಳು. ಅವನು ಇನ್ನೊಂದು ಸಲ ಓದು ಎಂದ. ಓದಿದಳು. ಅವನು ಉಣ್ಣದೆ ಎದ್ದು, ಕಾಗದ ಹಿಡಿದು ರೈಟರ ಹತ್ತಿರ ಹೋದ.

ಪೂವಯ್ಯ ಕಾಗದ ನೋಡಿ ಸೋಮವಾರ ಕಾಲೇಜಿಗೆ ಫೋನ್ ಮಾಡಿದ. ಫೋನ್ ಎತ್ತಿದ್ದು ಉಷಾರಾಣಿ. ನಮ್ಮ ಪಟ್ಟಿಯಲ್ಲಿ ಯಾವ ತಪ್ಪೂ ಆಗಿಲ್ಲ, ಅಂಥ ಪತ್ರವನ್ನು ನಾವು ಕೊಟ್ಟಿಲ್ಲ ಎಂದರು. ಹಾಗಾಗಿ ಕಾಗದವೂ ಸುಳ್ಳೆಂದು ಲೈನಿನಲ್ಲೆಲ್ಲ ಮಾತಾಯಿತು.

ಅನುಮತಿಯಿಲ್ಲದೆ ಪತ್ರ ಕೊಟ್ಟದ್ದಕ್ಕೆ ಮಾಲತಿಗೆ ನೋಟಿಸು ಬಂತು. ಉತ್ತರದಲ್ಲಿ ಅವಳು ಎರಡೂ ನಂಬರುಗಳನ್ನು ಬರೆದು, ತಪ್ಪು ನನ್ನದೇ ಎಂದಳು. ಅದನ್ನು ಯಾರೂ ಬೋರ್ಡಿಗೆ ಹಚ್ಚಲಿಲ್ಲ. ಅವಳನ್ನು ಗ್ರಂಥಾಲಯಕ್ಕೆ ಹಾಕಿದರು. ಖಾಲಿ ಮಂಚಕ್ಕೆ ಬೇರೆ ಹುಡುಗಿ ಬಂದಳು.

ದಸರಾ ಕಳೆದ ಮೇಲೆ ಒಂದು ದಿನ ಮಾರಿ ಕಾಲೇಜಿನ ನಂಬರಿಗೆ ಫೋನ್ ಮಾಡಿ ಮಾಲತಿಯನ್ನು ಕರೆಸಿದಳು. ಮಗಳು ಹೇಗಿದ್ದಾಳೆಂದು ಮಾಲತಿ ಕೇಳಿದಳು.

"ಕೆಲಸಕ್ಕೋಯ್ತಾಳೆ, ಬತ್ತಾಳೆ. ಅವ್ರಪ್ಪ ನಂಬವ್ನೆ ಮ್ಯಾಡಮ್, ಯಾರು ಏನೇ ಅಂದ್ರೂ ನಂಬವ್ನೆ. ದಿನಾ ಅವ್ಳನ್ನ ಮಾತಾಡ್ಸಕ್ಕೆ ಹೋಯ್ತಾನೆ. ಅವ್ಳೇ ಅಪ್ಪನ್ನ ಮಾತಾಡ್ಸಕ್ಕಿಲ್ಲ."