ಹಸುವಿನ ಪಾಲು

ನಾವೆಲ್ಲ ‘ಬಾ’, ಅಂದರೆ ಗುಜರಾತಿಯಲ್ಲಿ ಅಮ್ಮ, ಎಂದು ಕರೆಯುವ ನಮ್ಮತ್ತೆಗೆ ಇಂಗ್ಲಿಷ್ ಬರುವುದಿಲ್ಲ. ಪಕ್ಕದ ಮನೆಯ ರಾನ್‌ಗೆ ಗುಜರಾತಿ ಬರುವುದಿಲ್ಲ. ಆದರೂ ಇಂಗ್ಲೆಂಡಿನ ಲೆಸ್ಟರ್‌ನ ಈ ಬೀದಿಗೆ ನಾವು ಬಂದಾಗಿನಿಂದ ಹಿತ್ತಲಿನ ಬೇಲಿಯ ಆಚೀಚೆ ನಿಂತು ಇಬ್ಬರೂ ಹರಟೆ ಹೊಡೆಯುತ್ತಲೇ ಇದ್ದಾರೆ. ಬಾ ತಮ್ಮ ಮಂಡಿನೋವಿನ ಕಥೆ ಹೇಳಿದರೆ ರಾನ್ ತಮ್ಮ ಟೊಮೆಟೊ ಗಿಡದ ಕಥೆ ಹೇಳುತ್ತಾರೆ, ಇಬ್ಬರೂ ತಲೆಯಾಡಿಸುತ್ತಾರೆ. ಒಂದೇ ಭಾಷೆಯಾಡುವ ನನಗೂ ನನ್ನ ಗಂಡ ಕಿರೀಟನಿಗೂ ಅಷ್ಟು ಹೊಂದಾಣಿಕೆಯಿಲ್ಲ.

ಹೆಂಡತಿ ಮೋರೀನ್ ತೀರಿಕೊಂಡ ಮೇಲೆ ರಾನ್‌ಗೆ ಉಳಿದದ್ದು ಡ್ಯೂಕ್ ಒಂದೇ. ಮುದಿ ನಾಯಿ. ಈ ಚಳಿಗಾಲದಲ್ಲಿ ಅದು ಪೀಪಾಯಿಯ ಹಾಗೆ ಊದಿಕೊಂಡು, ಮೆಟ್ಟಿಲು ಹತ್ತಲಾರದೆ ಏದುಸಿರು ಬಿಡತೊಡಗಿತು. ಸೋಮವಾರ ನಾನು ಬಟ್ಟೆ ಹರವುತ್ತಿದ್ದಾಗ ರಾನ್ ಬೇಲಿ ಹಿಡಿದು ನಿಂತಿದ್ದರು. ಮುಖ ಬಾಡಿತ್ತು.

“ಅವನ ಊಟ ಅರ್ಧಕ್ಕೆ ಇಳಿಸಿದೀನಿ ಡಕ್, ಆದ್ರೂ ತೂಕ ಏರ್ತಾನೇ ಇದೆ,” ಎಂದರು. ಈ ಊರಿನ ಹಳಬರಿಗೆ ಬೇಕಾದವರೆಲ್ಲ ‘ಡಕ್’. “ಹೊಟ್ಟೇಲಿ ಏನೋ ಗಂಟಿರ್ಬೇಕು ಅಂತಾರೆ ಡಾಕ್ಟ್ರು. ಗುರುವಾರ ಪ್ರಜ್ಞೆ ತಪ್ಪಿಸಿ ಕೊಯ್ದು ನೋಡ್ತಾರಂತೆ. ವಯಸ್ಸಾಗಿದೆ, ಹೃದಯ ಬೇರೆ ಸರಿಯಿಲ್ಲ. ಮತ್ತೆ ಏಳದೇ ಹೋದ್ರೆ ನಾನೇನ್ ಮಾಡ್ಲಿ?”

ಒಳಗೆ ಬಂದು ಬಾಗೆ ಎಲ್ಲ ಹೇಳಿದೆ. ಅವರು ಲಟ್ಟಣಿಗೆ ಕೆಳಗಿಟ್ಟು ಸ್ಟೂಲಿನ ಮೇಲೆ ಕುಳಿತುಬಿಟ್ಟರು.

“ಅವನಿಗೆ ಕಾಯಿಲೆ ಗೀಯಿಲೆ ಏನೂ ಇಲ್ಲ ಕಣೇ ದಕ್ಷಾ.”

“ನೀವ್ಯಾವಾಗ ಡಾಕ್ಟ್ರಾದ್ರಿ?”

“ದಿನಾ ಬೆಳಿಗ್ಗೆ ಬೇಲಿ ಸಂದೀಲಿ ನಾನೇ ಚಪಾತಿ ಹಾಕ್ತೀನಿ.”

ನಮ್ಮಲ್ಲಿ ಮೊದಲ ಚಪಾತಿ ಹಸುವಿಗೆ, ಕೊನೆಯದು ನಾಯಿಗೆ. ಅವೆರಡೂ ಸಲ್ಲದೆ ಬಾ ಬಾಯಿಗೆ ತುತ್ತಿಡುವವರಲ್ಲ. ಬೆಳಗಾದರೆ ಕೆಲಸಕ್ಕೆ ಓಡುವ ನನಗೆ ಅವು ಎಲ್ಲಿಗೆ ಹೋಗುತ್ತವೆಂದು ವಿಚಾರಿಸುವ ಪುರುಸೊತ್ತೆಲ್ಲಿ?

“ಒಂದು ಚಪಾತಿಗೆ ಇಷ್ಟು ಊದುತ್ತಾ ಬಾ?”

“ಹಸುವಿನ ಪಾಲು ದೇವಸ್ಥಾನದಲ್ಲಿ ಕೊಡ್ತಿದ್ದೆ, ಅವರು ಗೋಶಾಲೆಗೆ ಕಳಿಸ್ತಿದ್ರು. ಮಂಡಿ ಕೆಟ್ಮೇಲೆ ಅಷ್ಟು ದೂರ ನಡಿಯೋಕಾಗಲ್ವಲ್ಲ. ಅದೂ ಅವನಿಗೇ.”

“ಒಣದಾ?”

“ಹಸುವಿಗೆ ಯಾರಾದ್ರೂ ಒಣದು ಹಾಕ್ತಾರಾ? ತುಪ್ಪ, ಬೆಲ್ಲ ಹಚ್ಚಿ ಕೊಡ್ತಿದ್ದೆ,” ಎಂದರು. ನಾನು ಹಣೆ ಚಚ್ಚಿಕೊಂಡೆ.

ಸಂಜೆ ಕಿರೀಟ ಎಂದಿನಂತೆ ಸುಲಭದ ದಾರಿ ಹುಡುಕಿದ. “ಸುಮ್ನೆ ನಿಲ್ಲಿಸಿಬಿಡಿ ಬಾ. ಹೇಳೋಕೆ ಯಾಕ್ ಹೋಗ್ತೀರಾ?”

“ಗುರುವಾರ ಹೊಟ್ಟೆ ಕೊಯ್ದ್ಮೇಲೆ ನಿಲ್ಲಿಸಿ ಏನ್ ಬಂತೋ? ಪುಣ್ಯ ಅಂತ ಹಾಕಿದ್ದು, ಆ ಜೀವ ಹೋದ್ರೆ ಪಾಪ ಯಾರ ತಲೆ ಮೇಲೆ?” ಎಂದು ಬಾ ಶಾಲು ಹೊದ್ದರು. “ನಡಿಯೇ ದಕ್ಷಾ. ನಾನು ಹೇಳಿದ್ದನ್ನ ಹೇಳಿದ ಹಾಗೇ ಹೇಳ್ಬೇಕು. ಬೆಣ್ಣೆ ಸವರಬೇಡ.”

ರಾನ್ ಬಾಗಿಲು ತೆರೆದರು. ಬಾ ಕೈಮುಗಿದು ಹೇಳಿದರು, ನಾನು ಇಂಗ್ಲಿಷಿನಲ್ಲಿ ಹೇಳಿದೆ. ತುಪ್ಪ, ಬೆಲ್ಲ ಒಂದನ್ನೂ ಬಿಡಲಿಲ್ಲ. ರಾನ್ ಕಿವಿಯವರೆಗೆ ಕೆಂಪಾದರು. “ಅವನನ್ನ ಉಪವಾಸ ಕೆಡವಿದೆ ಅಂತ ನಾನು ರಾತ್ರಿ ನಿದ್ದೆ ಮಾಡ್ತಿರ್ಲಿಲ್ಲ,” ಎಂದಷ್ಟೇ ಹೇಳಿ ಬಾಗಿಲು ಮುಚ್ಚಿಕೊಂಡರು. ಅದನ್ನು ಅನುವಾದ ಮಾಡೆಂದು ಬಾ ಕೇಳಲಿಲ್ಲ.

ಮರುದಿನ ಬಾ ಊಟ ಮಾಡಲಿಲ್ಲ. ಅದರ ಮರುದಿನವೂ ಇಲ್ಲ. ಬರೀ ಟೀ. ಆಚೆ ಬೇಲಿಯ ಬಳಿ ಯಾರೂ ಸುಳಿಯುತ್ತಿರಲಿಲ್ಲ.

“ಹಕ್ಕಿಗಾದ್ರೂ ಹಾಕಿ ಬಾ,” ಎಂದೆ.

“ಹಕ್ಕಿಗೆ ಕಾಳು. ಚಪಾತಿ ಅಲ್ಲ.”

“ಹಾಗಾದ್ರೆ ನನ್ನನ್ನೇ ನಾಯಿ ಅಂದ್ಕೊಂಡು ಹಾಕಿ.”

“ನೀನು ಮನೆಯವಳು. ಹೊರಗಿನ ಹಸಿದ ಬಾಯಿಗೆ ಬೀಳ್ಬೇಕು,” ಎಂದರು. ಬೈಯುವಷ್ಟೂ ದನಿ ಉಳಿದಿರಲಿಲ್ಲ. ನನಗೆ ಸಿಟ್ಟೂ ಬಂತು, ಅಳುವೂ ಬಂತು. ಗುರುವಾರ ಕೆಲಸಕ್ಕೆ ರಜೆ ಹಾಕಿದೆ. ಕಿರೀಟ ಮಾತ್ರ ಬೆಳಿಗ್ಗೆ ಹೊರಡುವಾಗ ರಾನ್‌ರ ಬಾಗಿಲು ತಟ್ಟಿ, ಏನೋ ಹೇಳಿ ಬಸ್ಸು ಹಿಡಿದ. ಸುಲಭದ ದಾರಿಯವನು ಇಷ್ಟು ಮಾಡಿದ್ದೇ ಹೆಚ್ಚು.

ಬಾ ಹಟಕ್ಕೆ ಬಿದ್ದವರಂತೆ ಹಿಟ್ಟು ಕಲಸಿ ಮೊದಲ ಚಪಾತಿ ಬೇಯಿಸಿ ಪಕ್ಕಕ್ಕಿಟ್ಟಿದ್ದರು. ಹಿತ್ತಲ ಬಾಗಿಲ ಸದ್ದಾಯಿತು. ತೆರೆದರೆ ರಾನ್. ತಲೆ ಬಾಚಿಕೊಂಡಿದ್ದರು, ಕೈಯಲ್ಲೊಂದು ಖಾಲಿ ತಟ್ಟೆ.

“ಕೊಯ್ಯೋದು ಬೇಡ ಅಂದ್ರು ಡಾಕ್ಟ್ರು. ಡ್ಯೂಕ್‌ಗೆ ಚಪಾತೀನೂ ಬೇಡ ಅಂದ್ರು,” ಎಂದು ನೆಲ ನೋಡುತ್ತ ಹೇಳಿದರು. “ನನಗ್ಯಾರೂ ಬೇಡ ಅಂದಿಲ್ಲ ಡಕ್. ಅಮ್ಮ ಉಣ್ತಿಲ್ಲ ಅಂದ ನಿನ್ ಗಂಡ. ಡ್ಯೂಕ್ ಪಾಲು ನನಗೆ ಹಾಕಿದ್ರೆ ನಡಿಯುತ್ತಾ?”

ಬಾಗೆ ಹೇಳಲೆಂದು ತಿರುಗಿದೆ. ತಟ್ಟೆ ನೋಡಿ ಅವರಿಗೇ ಅರ್ಥವಾಗಿತ್ತು.

“ಮನುಷ್ಯನಿಗೆ ನಾಯಿ ಪಾಲು ಹಾಕ್ತಾರೇನೇ? ಹುಚ್ಚು ಮುದುಕ. ಒಳಗೆ ಕೂರಿಸು,” ಎಂದು ಬಾ ಮೂಗೊರೆಸಿಕೊಂಡು ಹೊಸ ಉಂಡೆ ಲಟ್ಟಿಸಿದರು. ಬಿಸಿ ಬಿಸಿಯಾಗಿ ಉಬ್ಬಿದ್ದನ್ನು ತುಪ್ಪ ಸವರಿ ಬಡಿಸಿದರು. ಮೋರೀನ್ ಹೋದ ಮೇಲೆ ಬಿಸಿಯೂಟ ಯಾರೂ ಬಡಿಸಿರಲಿಲ್ಲವೆಂದು ರಾನ್ ನನ್ನ ಕಡೆ ನೋಡದೆ ಹೇಳಿದರು.

“ಸಾಕಾ ಕೇಳು,” ಎಂದರು ಬಾ.

ನಾನು ಕೇಳುವ ಮೊದಲೇ ರಾನ್ ತಟ್ಟೆ ಮುಂದೆ ಚಾಚಿದರು. ಅವರು ಉಂಡು ಕೈತೊಳೆದ ಮೇಲೆ ಬಾ ತಮಗೂ ಒಂದು ತಟ್ಟೆ ಹಾಕಿಕೊಂಡು ಎದುರಿಗೇ ಕುಳಿತು ಉಂಡರು.